ಅರವತ್ತಮೂರನೇ ನಂಬರಿನ ತಗಡು

ಕರ್ನಾಟಕದ ರಸ್ತೆಗಳ ಮೇಲೆ ಓಡಿದ ಸಕಲ ವಾಹನಗಳ ಇತಿಹಾಸವನ್ನು ನಮ್ಮ ಮನೆಯ ನಡುಮನೆಯ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದೆ! ಸರ್ಕಾರದವರು ಎಲ್ಲ ಗಾಡಿಗಳಿಗೂ ಹೊಸ ಸುರಕ್ಷತಾ ನಂಬರ್ ಪ್ಲೇಟ್ ಹಾಕಿಸಿ ಎಂದು ಹೊರಡಿಸಿದ ಆಜ್ಞೆಯೇ ಈ ಶಪಥಕ್ಕೆ ಮೂಲ. ನಂಜನಗೂಡಿನ ಜನ ಹಳೆಯ ಪ್ಲೇಟುಗಳನ್ನು ಬಿಚ್ಚಿ ಬಿಸಾಡುತ್ತಿದ್ದರು. ನಾನು ಹಿಂದೆ ಹಿಂದೆಯೇ ಹೋಗಿ ಹೆಕ್ಕುತ್ತಿದ್ದೆ. ರುದ್ರೇಶ್ ಎಂಬ ಹೆಸರಿನ ನಾನು ಹಗಲು ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಸಾಯಂಕಾಲ ಆರರ ಮೇಲೆ ನಾಡಿನ ವಾಹನ ಪರಂಪರೆಯ ಏಕಮಾತ್ರ ರಕ್ಷಕ!

ಮೈಸೂರು ರಾಜ್ಯದ ಕಾಲದ, ‘ಎಂವೈ’ ಎಂದು ಶುರುವಾಗುವ ಕರಿ ಪ್ಲೇಟು ನನ್ನ ಹತ್ತಿರ ಇತ್ತು. ‘ಕೆಎ’ ಬಂದ ಹೊಸತರಲ್ಲಿ ಪೇಂಟರು ಕೈಯಲ್ಲೇ ಬರೆದು, ಸೊನ್ನೆಯೊಳಗೆ ಒಂದು ಹೂವನ್ನೂ ಬಿಡಿಸಿದ್ದ ಸ್ಕೂಟರಿನ ಪ್ಲೇಟಿತ್ತು. ಟ್ಯಾಕ್ಸಿಯ ಹಳದಿ, ಬ್ಯಾಟರಿ ಗಾಡಿಯ ಹಸಿರು, ಪೂರ್ತಿ ಕನ್ನಡ ಅಂಕಿಯಲ್ಲಿ ಬರೆಸಿಕೊಂಡು ಫೈನ್ ಕಟ್ಟಿದ ಅಭಿಮಾನಿಯೊಬ್ಬರ ಟೆಂಪೋದ್ದು, ಎಲ್ಲ ಇದ್ದವು. ಇಲ್ಲದೆ ಹೋದದ್ದು ಒಂದೇ, ನನ್ನ ಹೆಂಡತಿ ಮಂಗಳಗೌರಿಯ ಸಮ್ಮತಿ.

“ಏನ್ರೀ ಇದು, ಮನೆಯೋ ಆರ್‌ಟಿಓ ಆಫೀಸೋ? ದೇವರ ಫೋಟೋಗೆ ಜಾಗ ಇಲ್ಲ, ಲಾರಿ ನಂಬರಿಗೆ ಜಾಗ ಇದೆ!”

“ಇದು ಇತಿಹಾಸ ಕಣೇ!”

“ಯಾವ ಗಾಡಿ ಎಲ್ಲಿ ಯಾರಿಗೆ ಗುದ್ದಿತ್ತೋ! ಆ ಇತಿಹಾಸ ಎಲ್ಲಾ ನಮ್ಮ ತಲೆ ಮೇಲೆ ತೂಗಾಡ್ತಾ ಇದೆ. ಇನ್ನೊಂದು ತಗಡು ಈ ಮನೆ ಒಳಗೆ ಬರಕೂಡದು. ನಂಜುಂಡನ ಮೇಲೆ ಆಣೆ ಇಡಿ.”

ಆಣೆ ಇಟ್ಟೆ. ಇಡುವಾಗಲೇ ‘ಈ ಮನೆ ಒಳಗೆ’ ಎಂಬ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಒತ್ತಿ ಹೇಳಿಕೊಂಡೆ. ಕಾನೂನು ಬಲ್ಲ ಗಂಡ ನಾನು!

ಮುಂದಿನ ಭಾನುವಾರ ತಿ.ನರಸೀಪುರದ ಅತ್ತೆ ಮನೆಗೆ ಒಂದು ರಸಬಾಳೆ ಕಂದು ಕೊಟ್ಟು ಬರಲು ಬೈಕಿನಲ್ಲಿ ಹೊರಟೆ. ನಂಜನಗೂಡಿನ ಅಳಿಯ ರಸಬಾಳೆ ಕೊಡದೆ ಇನ್ನೇನು ಕೊಡಬೇಕು? ಊರೊಳಗೆ ಹೋಗುವಾಗ ಗುಜರಿ ಅಂಗಡಿ ಕಂಡಿತು. ಗುಜರಿ ಕಂಡರೆ ನನ್ನ ಬೈಕು ತಾನಾಗಿಯೇ ನಿಲ್ಲುತ್ತದೆ. ಮುರಿದ ಕೊಳಗ, ಸೊಟ್ಟ ಸೌಟುಗಳ ರಾಶಿಯೊಳಗೆ ಅಂಗೈ ಅಗಲದ, ಕಿಲುಬು ಹಿಡಿದ ಒಂದು ಹಿತ್ತಾಳೆ ಬಿಲ್ಲೆ ಕೈಗೆ ಬಂತು. ಮೇಲಿನ ಅಕ್ಷರಗಳೆಲ್ಲ ಸವೆದಿದ್ದವು. ಉಳಿದಿದ್ದು ಒಂದು ಚಕ್ರದ ಗುರುತು, ಅದರ ಕೆಳಗೆ ಕನ್ನಡದಲ್ಲಿ ೬೩.

ಅದು ಜಟಕಾ ಬಿಲ್ಲೆ! ಮೋಟಾರು ಗಾಡಿಗಳು ಬರುವುದಕ್ಕೆ ಮುಂಚೆ ಊರೊಳಗೆ ಸವಾರಿ ಹೊಡೆಯುತ್ತಿದ್ದ ಕುದುರೆ ಗಾಡಿಗೆ ಬಡಿಯುತ್ತಿದ್ದ ನಂಬರು. ನನ್ನ ಗೋಡೆಯ ಮೇಲಿನ ಅಷ್ಟೂ ಪ್ಲೇಟುಗಳಿಗೆ ಮುತ್ತಾತ! ತೂಕಕ್ಕೆ ಹಾಕಿಸಿ, ಜೇಬಿಗಿಳಿಸಿ, ಅಲ್ಲೇ ನಿಂತು ನಮ್ಮ ‘ನಂಬರ್ ಪ್ಲೇಟ್ ಬಳಗ’ದ ವಾಟ್ಸಾಪ್ ಗುಂಪಿಗೆ ಕೇಳಿದೆ: ಕಿಲುಬು ತೆಗೆಯುವುದು ಹೇಗೆ?

ಬಳಗದ ಹಿರಿಯರೊಬ್ಬರು ತಕ್ಷಣ ಧ್ವನಿ ಸಂದೇಶ ಕಳಿಸಿದರು. ಉಜ್ಜಬಾರದು, ಉಜ್ಜಿದರೆ ಅಂಕಿ ಸವೆಯುತ್ತದೆ. ಉಪ್ಪು, ಒಲೆ ಬೂದಿ ಬಳಿಯಬೇಕು. ನಿಂಬೆಹಣ್ಣಿನ ಹೋಳನ್ನು ಮೇಲಿಟ್ಟು ಬಿಗಿಯಾಗಿ ಕಟ್ಟಬೇಕು. ಬಟ್ಟೆಯಲ್ಲಿ ಸುತ್ತಿ ತೇವ ಇರುವ ಮಣ್ಣಿನಲ್ಲಿ ಒಂದು ವಾರ ಹೂಳಬೇಕು. ಬಂಗಾರದಂತೆ ಹೊರಗೆ ಬರುತ್ತದೆ!

ನಮ್ಮ ಮನೆಯಲ್ಲಿ ಹೂಳುವಂತಿಲ್ಲ. ಅತ್ತೆ ಮನೆಯ ಹಿತ್ತಲಿನಲ್ಲಿ ಹೂಳಬಾರದು ಎಂದು ಯಾರೂ ಆಣೆ ಹಾಕಿಸಿರಲಿಲ್ಲ. ಊಟವಾಯಿತು. ಮಾವ ಸಿದ್ದಮಲ್ಲಪ್ಪನವರು, ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವರು, ಚಾಪೆ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಜವರಮ್ಮ ಟಿವಿ ಮುಂದೆ ಧಾರಾವಾಹಿಯ ಸೊಸೆಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ನಿಂಬೆಹಣ್ಣು ಸಿಕ್ಕಿತು, ಉಪ್ಪು ಸಿಕ್ಕಿತು. ಬೂದಿ ಎಲ್ಲಿಂದ ತರುವುದು? ಗ್ಯಾಸ್ ಒಲೆಯಲ್ಲಿ ಬೂದಿ ಬರುತ್ತದೆಯೇ? ದೇವರ ಗೂಡಿನಿಂದ ಒಂದು ವಿಭೂತಿ ಗಟ್ಟಿ ತೆಗೆದು ಪುಡಿ ಮಾಡಿದೆ. ಕಟ್ಟಲು ದಾರ ಬೇಕಿತ್ತು. ದೃಷ್ಟಿಯಾಗದಿರಲೆಂದು ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ್ದ ಕರಿ ದಾರವನ್ನೇ ಬಿಚ್ಚಿದೆ. ಬೈಕು ಒರೆಸಲು ಇಟ್ಟುಕೊಂಡಿದ್ದ ಕೆಂಪು ಬಟ್ಟೆಯಲ್ಲಿ ಸುತ್ತಿದೆ. ಬಚ್ಚಲ ನೀರು ಹೋಗುವ ಕಡೆ, ಗೋಡೆಯ ಬುಡದಲ್ಲಿ, ಮಣ್ಣು ಬೆಣ್ಣೆಯಂತಿತ್ತು. ಹೂಳಿ, ಮೇಲೊಂದು ಒಣಗಿದ ಎಲೆ ಹಾಕಿ, ಕೈ ತೊಳೆದು ಬಂದೆ.

ಹೊರಡುವಾಗ ಮಾವನಿಗೆ ಹೇಳಿದೆ: “ಮಾವ, ಕಂದನ್ನ ನೀರು ನಿಲ್ಲೋ ಕಡೆ ನೆಡಿ. ಒಳ್ಳೇ ತೇವ ಇರ್ಬೇಕು.”

ಬುದ್ಧಿವಂತಿಕೆ ಎಂದರೆ ಇದು! ಆ ಹಿತ್ತಲಿನಲ್ಲಿ ನೀರು ನಿಲ್ಲುವ ಜಾಗ ಇದ್ದದ್ದೇ ಒಂದು.

ಮಾರನೇ ದಿನ ಬೆಳಗ್ಗೆ ಮಂಗಳಗೌರಿಯ ಫೋನು ಬಡಿದುಕೊಂಡಿತು. ಸ್ಪೀಕರಿನಲ್ಲಿ ಮಾವನ ಧ್ವನಿ ನಡುಗುತ್ತಿತ್ತು.

“ಮಗಾ, ಯಾರೋ ನಮ್ಮನೆಗೆ ಮಾಟ ಮಾಡ್ಸವ್ರೆ ಕಣವ್ವಾ! ಬಾಳೆ ಕಂದು ನೆಡಾಕೆ ಅಂತ ಗುಂಡಿ ತೆಗುದ್ರೆ ಗುದ್ಲಿಗೆ ಠಣ್ ಅಂತು. ಎತ್ತಿ ನೋಡ್ತೀನಿ, ಕೆಂಪು ಬಟ್ಟೆ! ಬಿಚ್ತೀನಿ, ನಿಂಬೆಣ್ಣು, ಕರಿ ದಾರ, ಈಬೂತಿ! ಒಳಗೆ ಇತ್ತಾಳೆ ತಗಡು. ತಗಡಿನ ಮೇಲೆ ಚಕ್ರ ಬರ್ದು ಅರವತ್ಮೂರು ಅಂತ ಆಕವ್ರೆ. ನಿಮ್ಮವ್ವಂಗೆ ಈಗ ಎಷ್ಟವ್ವಾ ವಯಸ್ಸು?”

ಮಂಗಳಗೌರಿ ಮೆಲ್ಲಗೆ ಹೇಳಿದಳು: “ಅರವತ್ತಮೂರು.”

ನನ್ನ ಬಾಯಲ್ಲಿದ್ದ ಇಡ್ಲಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

“ಯಾರ್ರೀ ಮಾಡಿರಬಹುದು?” ಎಂದು ಅವಳು ನನ್ನನ್ನೇ ಕೇಳಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಆಗಲೇ ಹೇಳಿಬಿಡಬೇಕಿತ್ತು. ‘ನಾನೇ ಕಣೇ, ಜಟಕಾ ಬಿಲ್ಲೆ’ ಎಂದರೆ ಮುಗಿದಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಫೋನಿನಿಂದ ಮಾವನ ಗುಡುಗು ಕೇಳಿತು: “ಮಾಡಿದೋನು ಸಿಕ್ಲಿ, ಕೈಕಾಲು ಮುರ್ದು ಸಂಗಮಕ್ಕೆ ಎಸಿತೀನಿ!” ನಾನು ತೆರೆದ ಬಾಯಿಯನ್ನು ಇಡ್ಲಿಗೆ ಬಳಸಿಕೊಂಡೆ.

“ತಗಡಿನ ಫೋಟೋ ಕಳಿಸಿ ಅಪ್ಪ” ಎಂದಳು ಮಂಗಳಗೌರಿ. ನನ್ನ ಹೃದಯ ನಿಂತಿತು.

“ಬ್ಯಾಡ ಬ್ಯಾಡ! ಫೋಟೋದಾಗೆ ಅದು ಅಲ್ಲಿಗೂ ಬಂದ್ಬುಡ್ತದೆ!” ಎಂದರು ಮಾವ. ನನ್ನ ಹೃದಯ ಮತ್ತೆ ಹೊರಟಿತು.

ಆಮೇಲೆ ದಿನವೂ ಫೋನು, ದಿನವೂ ಭಯ. ಅತ್ತೆ ಹಾಸಿಗೆ ಹಿಡಿದರು. ಅತ್ತೆ ಊಟ ಬಿಟ್ಟರು. ಅತ್ತೆಗೆ ಹಿತ್ತಲಲ್ಲಿ ಯಾರೋ ನಡೆದಾಡಿದಂತೆ ಕೇಳಿಸಿತು. ಕೊನೆಗೆ ಹೊಳೆಯಾಚೆಯಿಂದ ಚಲುವಯ್ಯ ಎಂಬ ಶಾಸ್ತ್ರ ಹೇಳುವವರನ್ನು ಕರೆಸಿದರಂತೆ. ಅವರು ತಗಡಿನ ಸುತ್ತ ಮೂರು ಸುತ್ತು ಬಂದು, ಮೂಗಿಗೆ ಟವೆಲ್ ಹಿಡಿದುಕೊಂಡು ಹೇಳಿದ್ದಿಷ್ಟು: “ಇದು ಗೊತ್ತಿರೋ ಕೈ ಕೆಲ್ಸ. ಒಂದು ಸಾಮಾನೂ ತಪ್ಪಿಲ್ಲ. ದೂರದೋರಲ್ಲ. ನಿಮ್ಮನೆ ಗೋಡೆಗೆ ಗೋಡೆ ಅಂಟ್ಕಂಡಿರೋರು.”

ಅತ್ತೆ ಮನೆಯ ಒಂದು ಕಡೆ ಓಣಿ. ಇನ್ನೊಂದು ಕಡೆ ಕೆಂಪಾಜಮ್ಮ.

ಕೆಂಪಾಜಮ್ಮ ಮಾವನ ತೀರಿಹೋದ ತಮ್ಮನ ಹೆಂಡತಿ. ಭಾಗವಾದಾಗ ಒಂದೇ ಮನೆಯ ನಡುವೆ ಗೋಡೆ ಎದ್ದಿತ್ತು. ಬಚ್ಚಲ ನೀರು ಯಾರ ಕಡೆ ಹರಿಯಬೇಕೆಂಬ ಜಗಳದಲ್ಲಿ ಅತ್ತೆಗೂ ಅವರಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಹೋದ ಯುಗಾದಿಗೆ ಕೆಂಪಾಜಮ್ಮನೇ ಸೋತು ಒಬ್ಬಟ್ಟು ಹಿಡಿದುಕೊಂಡು ಬಂದಿದ್ದರು. ಅಂದಿನಿಂದ ಆ ಗೋಡೆಯ ಮೇಲೆ ಸಾರಿನ ಬಟ್ಟಲುಗಳು ಓಡಾಡುತ್ತಿದ್ದವು. ಚಲುವಯ್ಯ ಬಾಯಿಬಿಟ್ಟ ದಿನ ಕೆಂಪಾಜಮ್ಮ ಕೊಟ್ಟ ಉಪ್ಸಾರು ಬಟ್ಟಲಿನಲ್ಲಿ ಇದ್ದ ಹಾಗೇ ಗೋಡೆಯ ಮೇಲೆ ವಾಪಸು ಕೂತಿತಂತೆ.

ಆ ಬಟ್ಟಲಿನ ಮಾತು ಕೇಳಿ ಎದ್ದು ನಿಂತೆ. ಇನ್ನು ತಡೆಯಲಾರೆ! ಹೋಗುತ್ತೇನೆ, ತಗಡನ್ನು ಎಗರಿಸಿ ಹೊಳೆಗೆ ಎಸೆಯುತ್ತೇನೆ, ಸಾಕ್ಷಿಯೇ ಇಲ್ಲದ ಮೇಲೆ ಮಾಟವೆಲ್ಲಿ! ಅತ್ತೆಗೆ ಧೈರ್ಯ ಹೇಳಿ ಬರುತ್ತೇನೆಂದು ಮಂಗಳಗೌರಿಗೆ ಹೇಳಿ ಬೈಕು ಹತ್ತಿದೆ. ಹದಿನಾರು ಎಂಬ ಊರು ದಾಟುವಷ್ಟರಲ್ಲಿ ಬೈಕು ಪಂಕ್ಚರ್! ಹ್ಯಾಂಡಲ್ ನೋಡಿದೆ. ಕರಿ ದಾರ ಇರಲಿಲ್ಲ. ಪಂಕ್ಚರ್ ಹಾಕಿಸಿಕೊಂಡು ಅತ್ತೆ ಮನೆ ಸೇರಿದೆ.

ಹಿತ್ತಲಿನಲ್ಲಿ ನನ್ನ ಜಟಕಾ ಬಿಲ್ಲೆಯ ದರ್ಬಾರು ನೋಡಬೇಕಿತ್ತು! ಬೋರಲು ಹಾಕಿದ ಮಂಕರಿ ಬುಟ್ಟಿ, ಅದರ ಮೇಲೆ ಒನಕೆ, ಸುತ್ತಲೂ ಹಳೆ ಚಪ್ಪಲಿ, ಪೊರಕೆ, ಬೇವಿನ ಸೊಪ್ಪು. ಮಹಾರಾಜರ ಕಿರೀಟಕ್ಕೂ ಇಷ್ಟು ಕಾವಲು ಇದ್ದಿರಲಾರದು. ಆಚೀಚೆ ನೋಡಿ, ಒನಕೆ ಸರಿಸಿ, ಮಂಕರಿ ಎತ್ತಿದೆ. ಕೈ ಚಾಚಿದೆ.

“ಮುಟ್ಬ್ಯಾಡಿ ಅಳೀಮಯ್ಯಾ!”

ಹಾಸಿಗೆ ಹಿಡಿದಿದ್ದ ಅತ್ತೆ ಬಾಗಿಲಲ್ಲಿ ನಿಂತು ಕಿರುಚಿದರು. ಮಾವ ಅಂಗಡಿಯಿಂದ ಓಡಿ ಬಂದರು. ಬೆರಳು ತಾಗಿತ್ತೇ ಇಲ್ಲವೇ ಎಂಬ ಬಗ್ಗೆ ವಿಚಾರಣೆಯಾಯಿತು. ತಾಗಿದ್ದರೂ ಇರಬಹುದು ಎಂದು ತೀರ್ಮಾನವಾಯಿತು. ಒಂದು ಕೊಡ ನೀರು ಪ್ಯಾಂಟು ಶರಟಿನ ಸಮೇತ ತಲೆ ಮೇಲೆ ಬಿತ್ತು. ಸಾಲದೆಂದು ಸಂಗಮಕ್ಕೆ ಕರೆದುಕೊಂಡು ಹೋಗಿ ಮೂರು ಮುಳುಗು ಹಾಕಿಸಿದರು. “ನಮಗೋಸ್ಕರ ಪ್ರಾಣಾನೇ ಲೆಕ್ಕಿಸ್ದೆ ಕೈ ಆಕುದ್ರಲ್ಲಾ!” ಎಂದು ಅತ್ತೆ ಅತ್ತರು. ನನಗೂ ಅಳು ಬಂತು, ಬೇರೆ ಕಾರಣಕ್ಕೆ.

ಒದ್ದೆ ಬಟ್ಟೆಯಲ್ಲಿ ಬೈಕು ಹತ್ತುವಾಗ ಪಕ್ಕದ ಬಾಗಿಲು ತೆರೆಯಿತು. ಕೆಂಪಾಜಮ್ಮ ನಿಂತಿದ್ದರು. ಮುಖ ಬಾಡಿತ್ತು.

“ಅಳೀಮಯ್ಯ, ನೀವು ಓದಿದೋರು. ನೀವೇ ಏಳಿ, ನಾನು ಅಂತೋಳಾ? ಅಕ್ಕ ಸಾಯ್ಲಿ ಅಂತ ನಾನು ತಗಡು ಊಳ್ತೀನಾ?”

ಆ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದ ಮನುಷ್ಯ ಇಡೀ ಭೂಮಂಡಲದಲ್ಲಿ ನಾನೊಬ್ಬನೇ. ನಾನು ಏನೆಂದೆ ಗೊತ್ತೇ? “ದೊಡ್ಡೋರು ಇದ್ದಾರೆ, ನೋಡ್ತಾರೆ ಬಿಡಿ ಚಿಕ್ಕಮ್ಮ” ಎಂದೆ. ಎಂದು ಕಿಕ್ ಹೊಡೆದು ಬಂದುಬಿಟ್ಟೆ! ದಾರಿಯುದ್ದಕ್ಕೂ ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ಒದ್ದೆ ಶರಟಿಗೂ ಆ ಬಿಸಿ ಆರಿಸಲು ಆಗಲಿಲ್ಲ.

ಇದಕ್ಕಿಂತ ದೊಡ್ಡ ಭಯ ಮನೆಗೆ ಬಂದ ಮೇಲೆ ಹಿಡಿಯಿತು. ಚಲುವಯ್ಯನ ಮಾತು ತಲೆಯಲ್ಲಿ ಸುತ್ತತೊಡಗಿತು. ‘ಒಂದು ಸಾಮಾನೂ ತಪ್ಪಿಲ್ಲ.’ ಹಾಗಾದರೆ ನಾನು ಗೊತ್ತಿಲ್ಲದೆ ನಿಜವಾದ ಮಾಟವನ್ನೇ ಮಾಡಿಬಿಟ್ಟೆನೇ? ಗೊತ್ತಿಲ್ಲದೆ ಮುಟ್ಟಿದರೆ ಕರೆಂಟು ಹೊಡೆಯುವುದಿಲ್ಲವೇ? ನನ್ನ ಉದ್ದೇಶ ಕಿಲುಬು ತೆಗೆಯುವುದು ಎಂದು ಆ ನಿಂಬೆಹಣ್ಣಿಗೆ ಏನು ಗೊತ್ತು? ಅತ್ತೆಗೆ ಏನಾದರೂ ಆಗಿಬಿಟ್ಟರೆ! ಬಲಗಣ್ಣು ಹಾರಿತು. ಗಂಡಸರಿಗೆ ಬಲಗಣ್ಣು ಹಾರಿದರೆ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡೆ. ತಕ್ಷಣ ಎಡಗಣ್ಣೂ ಹಾರಿತು! ಗೋಡೆಯ ಮೇಲಿನ ಪ್ಲೇಟುಗಳೆಲ್ಲ ನನ್ನನ್ನೇ ನೋಡುತ್ತಿದ್ದಂತೆ ಕಂಡಿತು. ಲಾರಿಯ ನಂಬರನ್ನು ಮಗುಚಿ ಹಾಕಿದೆ.

“ಯಾಕ್ರೀ, ಇತಿಹಾಸಕ್ಕೆ ಬೆನ್ನು ತಿರುಗಿಸ್ತಾ ಇದೀರಿ?” ಎಂದಳು ಮಂಗಳಗೌರಿ.

“ಧೂಳು” ಎಂದೆ.

ಅವಳು ನನ್ನ ಹಣೆ ಮುಟ್ಟಿ ನೋಡಿದಳು. “ಅಮ್ಮನ್ನ ನೆನೆಸ್ಕೊಂಡು ಎಷ್ಟು ಸೊರಗಿ ಹೋಗಿದೀರ್ರೀ! ಇಂಥ ಗಂಡನ್ನ ಬೈತಾ ಇದ್ದೆನಲ್ಲ” ಎಂದು ನನಗೆ ಬಿಸಿ ಹಾಲು ತಂದುಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಹಾಲು ವಿಷದ ಹಾಗೆ ಇಳಿಯಿತು.

ಶನಿವಾರ ಅಂತಿಮ ತೀರ್ಪು ಬಂತು. ಮಾವ ಫೋನಿನಲ್ಲಿ ಹೇಳಿದರು: “ಸೋಮವಾರ ಎಲ್ಲಾರೂ ನಂಜನಗೂಡಿಗೆ ಬತ್ತೀವಿ. ಚಲುವಯ್ಯನೋರು ಏಳವ್ರೆ, ನಂಜುಂಡಪ್ಪನ ಮುಂದೆ ತಗಡಿಟ್ಟು, ಕರ್ಪೂರ ಅಚ್ಚಿ, ಮನೆಯೋರೆಲ್ಲಾ ಅಂಗೈಯಾಗೆ ಹೊಡ್ದು ಆರಿಸಿ ಆಣೆ ಮಾಡ್ಬೇಕು, ‘ಈ ತಗಡು ನಂಗೊತ್ತಿಲ್ಲ’ ಅಂತ. ಕೆಂಪಾಜೀನೂ ಬತ್ತಾಳೆ. ಸುಳ್ಳು ಆಣೆ ಮಾಡಿದೋರ ನಾಲ್ಗೆ ಬಿದ್ದೋಯ್ತದೆ.”

“ಮನೆಯವರೆಲ್ಲಾ ಅಂದ್ರೆ... ಅಳಿಯಂದಿರೂನಾ ಮಾವ?”

“ಅಳಿಯ ಅಂದ್ರೆ ಮಗ ಅಲ್ವಾ!”

ಮದುವೆಯಾದಾಗಿನಿಂದ ಮಾವ ನನ್ನನ್ನು ಮಗ ಎಂದದ್ದು ಅದೇ ಮೊದಲು. ನಾನು ಕನ್ನಡಿಯ ಮುಂದೆ ನಿಂತು ನಾಲಿಗೆ ಹೊರಚಾಚಿ ನೋಡಿಕೊಂಡೆ. ನಲವತ್ತು ವರ್ಷ ನನ್ನ ಜೊತೆಗಿದ್ದ ನಾಲಿಗೆ! ಎಷ್ಟು ಬಿಸಿಬೇಳೆಬಾತು, ಎಷ್ಟು ಸುಳ್ಳು!

ಸೋಮವಾರ ಬೆಳಗ್ಗೆ ಬಾಡಿಗೆ ವ್ಯಾನು ದೇವಸ್ಥಾನದ ಹತ್ತಿರ ಬಂದು ನಿಂತಿತು. ತಗಡಿನ ಜೊತೆ ಕೂರಲು ಯಾರೂ ಒಪ್ಪದೆ ಅದನ್ನು ಬುಟ್ಟಿ ಸಮೇತ ಟಾಪಿನ ಮೇಲೆ ಬಿಗಿದಿದ್ದರು. ಜಟಕಾದ ನಂಬರು ಮೋಟಾರು ಗಾಡಿಯ ತಲೆ ಮೇಲೆ ಕೂತು ಸವಾರಿ ಬಂದಿತ್ತು. ಬೇರೆ ದಿನವಾಗಿದ್ದರೆ ನಾನು ಅದರ ಫೋಟೋ ತೆಗೆದು ಬಳಗಕ್ಕೆ ಹಾಕುತ್ತಿದ್ದೆ. ವ್ಯಾನಿನಿಂದ ಮಾವ, ಮಾವನ ತೋಳು ಹಿಡಿದು ಸೊರಗಿದ ಅತ್ತೆ, ಹಿಂದೆ ಚಲುವಯ್ಯ ಇಳಿದರು. ಕೆಂಪಾಜಮ್ಮ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ವ್ಯಾನಿನಲ್ಲಿ ಜಾಗವಿತ್ತು, ಆದರೂ ಯಾರೂ ಅವರನ್ನು ಹತ್ತಿಸಿಕೊಂಡಿರಲಿಲ್ಲ.

ಹೊಳೆಯಲ್ಲಿ ಸ್ನಾನವಾಯಿತು. ಗೋಪುರದ ಮುಂದೆ, ಭಕ್ತರು ಕರ್ಪೂರ ಹಚ್ಚುವ ಕಡೆ, ಚಲುವಯ್ಯ ಮತ್ತೆ ಸುತ್ತಿಟ್ಟಿದ್ದ ಗಂಟನ್ನು ಕಡ್ಡಿಯಲ್ಲಿ ತಳ್ಳಿ ಬಿಚ್ಚಿದರು. ತಗಡು ಬಿಸಿಲಿಗೆ ಹೊಳೆಯಿತು. ನಿಜ ಹೇಳುತ್ತೇನೆ, ಕಿಲುಬು ಬಹಳ ಚೆನ್ನಾಗಿ ಬಿಟ್ಟಿತ್ತು!

ಮಂಗಳಗೌರಿ ಮೊದಲ ಸಲ ತಗಡನ್ನು ನೋಡಿದಳು. ಆಮೇಲೆ ಕೆಂಪು ಬಟ್ಟೆ ನೋಡಿದಳು. ಆಮೇಲೆ ಕರಿ ದಾರ ನೋಡಿದಳು. ಆಮೇಲೆ ನಿಧಾನವಾಗಿ ನನ್ನನ್ನು ನೋಡಿದಳು. ನಾನು ಗೋಪುರ ನೋಡಿದೆ. ಎಷ್ಟು ಎತ್ತರದ ಗೋಪುರ! ಮೇಲೆ ಹತ್ತಿ ಕೂತರೆ ಯಾರಿಗೂ ಸಿಗುವುದಿಲ್ಲ ಎನಿಸಿತು.

ಚಲುವಯ್ಯ ಕರ್ಪೂರ ಹಚ್ಚಿದರು. “ಮೊದ್ಲು ಯಜಮಾನ್ರು” ಎಂದರು. ಮಾವ ಮುಂದೆ ಬರುವಷ್ಟರಲ್ಲಿ ಕೆಂಪಾಜಮ್ಮ ಅಡ್ಡ ನಿಂತರು.

“ಭಾವ, ಮೊದ್ಲು ನಾನೇ ಆರಿಸ್ತೀನಿ. ನೀವೆಲ್ಲಾ ಆರಿಸೋಗಂಟ ನಾನು ನಿಂತ್ಕಂಡು ನೋಡ್ಬೇಕಾ? ಎಲ್ರ ಕಣ್ಣೂ ನನ್ ಮ್ಯಾಲೇ ಅವೆ. ಮುಗಿದೋಗ್ಲಿ.” ಅತ್ತೆಯ ಕಡೆ ತಿರುಗಿದರು. “ಅಕ್ಕ, ಯುಗಾದಿ ದಿನ ನಾನು ಒಬ್ಬಟ್ಟು ತಂದಿದ್ದು ಇದುಕ್ಕೇ ಅಂತ ಅಂದ್ಕಂಡ್ಬುಟ್ಯಾ?”

ಅತ್ತೆ ಮುಖ ತಿರುಗಿಸಿದರು. ಕೆಂಪಾಜಮ್ಮನ ಕೈ ಉರಿಯ ಮೇಲೆ ಎದ್ದಿತು. ಏನೂ ತಪ್ಪು ಮಾಡದ ಆ ಹೆಂಗಸು ನನ್ನ ಹುಚ್ಚಿಗಾಗಿ ಬೆಂಕಿ ಮುಟ್ಟುವುದನ್ನು ನೋಡಿಕೊಂಡು ನಿಂತರೆ ನಾನು ಮನುಷ್ಯನೇ ಅಲ್ಲ ಎನಿಸಿತು. ಆ ಕ್ಷಣಕ್ಕೆ ಮಾವನ ಭಯ, ಹೆಂಡತಿಯ ಭಯ, ನಾಲಿಗೆಯ ಭಯ ಎಲ್ಲ ಒಟ್ಟಿಗೆ ಹಾರಿಹೋದವು.

“ಬೇಡಾ ಚಿಕ್ಕಮ್ಮಾ!” ಎಂದು ಕಿರುಚಿ ಮುನ್ನುಗ್ಗಿ ಕರ್ಪೂರದ ಮೇಲೆ ನನ್ನ ಅಂಗೈ ಬಡಿದೆ. ಉರಿ ಆರಿತು. ನನ್ನ ಕೈ ಹತ್ತಿಕೊಂಡಿತು! “ಅಯ್ಯಯ್ಯಪ್ಪಾ!” ಎಂದು ಒಂಟಿ ಕಾಲಲ್ಲಿ ಕುಣಿಯುತ್ತಲೇ ನಾನು ಪ್ರಮಾಣವಚನ ಸ್ವೀಕರಿಸಿದೆ: “ಆ ತಗಡು ನಂದು! ಅದು ಮಾಟ ಅಲ್ಲ! ಗುಜರೀಲಿ ಕೊಂಡ ಜಟಕಾ ಗಾಡಿ ನಂಬರ್ ಪ್ಲೇಟು! ಕಿಲುಬು ಬಿಡ್ಲಿ ಅಂತ ನಾನೇ ಹೂತಿದ್ದು!”

ಕರ್ಪೂರ ಹಚ್ಚಲು ಬಂದಿದ್ದ ಬೇರೆ ಭಕ್ತರೂ ಸುತ್ತ ನಿಂತರು. ಮಾವನ ಕಣ್ಣು ತುಂಬಿ ಬಂತು. ಅವರು ನನ್ನ ಭುಜ ಹಿಡಿದುಕೊಂಡರು.

“ನೋಡುದ್ರಾ ಚಲುವಯ್ನೋರೇ! ಮನೆ ಒಡೀಬಾರ್ದು ಅಂತ ಅಳೀಮಯ್ಯ ತಪ್ಪ ತನ್ ತಲೆ ಮ್ಯಾಲೆ ಆಕ್ಕತಾವ್ರೆ. ಎಂತಾ ದೊಡ್ ಮನ್ಸು!”

“ಅಲ್ಲಾ ಮಾವಾ, ನಿಜವಾಗ್ಲೂ ನಾನೇ!”

“ಸುಮ್ಕಿರಪ್ಪ, ಸುಮ್ಕಿರು. ಬುದ್ಧಿ ಇರೋ ಯಾವನಾದ್ರೂ ದುಡ್ಡು ಕೊಟ್ಟು ಕಿಲುಬು ತಗಡು ತಂದು, ನಿಂಬೆಣ್ಣು ಕಟ್ಟಿ, ಅತ್ತೆ ಮನೆ ಬಚ್ಚಲಾಗೆ ಊಳ್ತಾನಾ?”

ಏನು ಅನ್ಯಾಯ ನೋಡಿ! ವಾರವಿಡೀ ನಿಜ ಹೇಳಲು ಹೆದರಿದೆ, ಈಗ ನಿಜವನ್ನು ನಂಬಿಸಲು ಹೆಣಗಬೇಕಾಯಿತು. ಸುಟ್ಟ ಕೈಯನ್ನು ಗಾಳಿಗೆ ಬೀಸುತ್ತ, ನಂಜುಂಡೇಶ್ವರನ ಸನ್ನಿಧಿಯಲ್ಲಿ ನಾನು ವಾಹನ ಫಲಕಗಳ ಇತಿಹಾಸದ ಬಗ್ಗೆ ಉಪನ್ಯಾಸ ಮಾಡಿದೆ. ಮೊದಲು ಜಟಕಾಕ್ಕೆ ಬಿಲ್ಲೆ, ಆಮೇಲೆ ಸೈಕಲ್ಲಿಗೆ ಬಿಲ್ಲೆ, ಆಮೇಲೆ ಮೋಟಾರು, ಆಮೇಲೆ ಎಂವೈ, ಆಮೇಲೆ ಕೆಎ! ಭಕ್ತರೊಬ್ಬರು “ಪಾಪ, ಗಾಳಿ ಮೆಟ್ಕೊಂಡದೆ” ಎಂದು ನನ್ನ ಮೇಲೆ ತೀರ್ಥ ಚಿಮುಕಿಸಿದರು. ಚಲುವಯ್ಯ ಹುಬ್ಬೇರಿಸಿ, “ಬೆರಳು ತಾಗಿತ್ತು ಅಂದ್ರಲ್ಲಾ, ಅದೇ ಮಾತಾಡ್ಸ್ತಾ ಅದೆ” ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಆಗ ಮಂಗಳಗೌರಿ ಬಾಯಿಬಿಟ್ಟಳು.

“ಅಪ್ಪ, ಅವರು ಹೇಳ್ತಿರೋದು ನಿಜ. ಆ ಕೆಂಪು ಬಟ್ಟೆ ನನ್ನ ರವಿಕೆ ಕಣ. ನಾಮಕರಣಕ್ಕೆ ಹೋದಾಗ ಕೊಟ್ಟಿದ್ದು, ತಿಂಗಳಿಂದ ಹುಡುಕ್ತಾ ಇದೀನಿ. ಆ ಕರಿ ದಾರ ನಮ್ಮ ಬೈಕಿಂದು, ಗಂಟು ಹಾಕಿದ್ದು ನಾನೇ.” ಆಮೇಲೆ ಚಲುವಯ್ಯನ ಕಡೆ ತಿರುಗಿದಳು. “ಗೊತ್ತಿರೋ ಕೈ ಕೆಲಸ ಅಂದ್ರಲ್ಲ ಸ್ವಾಮಿ? ಈ ಕೈಗೆ ಗ್ಯಾಸ್ ಸಿಲಿಂಡರ್ ಬದಲಾಯಿಸೋಕೂ ಬರಲ್ಲ!”

ಗಂಡನ ಮಾತಿಗೆ ಇಲ್ಲದ ಬೆಲೆ ಗಂಡನ ದಡ್ಡತನದ ಪುರಾವೆಗೆ ಇತ್ತು. ಎಲ್ಲರೂ ತಕ್ಷಣ ನಂಬಿದರು. ಮಾವ ನನ್ನ ಭುಜದ ಮೇಲಿನ ಕೈ ತೆಗೆದರು. ಚಲುವಯ್ಯನವರು ಯಾವುದೋ ತುರ್ತು ಕೆಲಸ ನೆನಪಾಗಿ ಬಸ್‌ಸ್ಟ್ಯಾಂಡಿನ ಕಡೆ ಹೊರಟರು.

ನಾನು ಕೆಂಪಾಜಮ್ಮನ ಕಾಲಿಗೆ ಬಿದ್ದೆ. ನಾಟಕಕ್ಕಲ್ಲ, ನಿಜವಾಗಿ. “ಚಿಕ್ಕಮ್ಮ, ಅವತ್ತು ನೀವು ಬಾಗಿಲಲ್ಲಿ ನಿಂತು ಕೇಳಿದಾಗಲೇ ಹೇಳ್ಬೇಕಿತ್ತು. ಹೆದರಿಬಿಟ್ಟೆ. ತಪ್ಪಾಯ್ತು.”

ಅವರು ನನ್ನನ್ನು ಹಿಡಿದೆಬ್ಬಿಸಿದರು. ಹೊಳೆಯ ಸ್ನಾನದಲ್ಲಿ ನೆನೆದಿದ್ದ ಸೆರಗಿನ ತುದಿ ಇನ್ನೂ ಒದ್ದೆಯಿತ್ತು, ಅದನ್ನೇ ನನ್ನ ಸುಟ್ಟ ಅಂಗೈಗೆ ಒತ್ತಿ ಹಿಡಿದರು. ಆ ತಂಪಿಗೆ ನನಗೆ ಅಳುವೇ ಬಂದುಬಿಟ್ಟಿತು.

ಅಷ್ಟರಲ್ಲಿ ಅತ್ತೆ ಮಾವನ ತೋಳು ಬಿಡಿಸಿಕೊಂಡು ಬಂದು ಕೆಂಪಾಜಮ್ಮನನ್ನು ತಬ್ಬಿಕೊಂಡರು. ಇಬ್ಬರೂ ಅತ್ತರು. ಅತ್ತೆ ಕಣ್ಣೊರೆಸಿಕೊಂಡು, ವಾರದ ಮೇಲೆ ಮೊದಲ ಸಲ ನಿಡಿದಾಗಿ ಉಸಿರು ಬಿಟ್ಟರು.

“ನನ್ ತಪ್ಪ ಒಟ್ಟೆಗೆ ಆಕ್ಕಳೇ ಕೆಂಪಾಜಿ, ನಿನ್ನ ಅನುಮಾನಿಸ್ಬುಟ್ಟೆ. ಸದ್ಯ, ಮಾಟ ಅಲ್ವಲ್ಲಾ! ಗಂಡಾಂತರ ಕಳೀತು ಕಣೇ!”

ಕೆಂಪಾಜಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

“ಎಲ್ಲಿ ಕಳೀತಕ್ಕಾ? ಮಾಟ ಆಗಿದ್ರೆ ತೆಗುಸ್ಬೋದಿತ್ತು, ಹೊಳೆಗೆ ಬುಟ್ಟು ಕೈ ತೊಳ್ಕಬೋದಿತ್ತು. ಇದು ಅಳೀಮಯ್ಯ ಕಣಕ್ಕಾ! ಏನ್ ಮಾಡೀಯೆ?”